ನೆಲುವಿನ ಗಡಿಗೆ ಮತ್ತು ಗುರಪ್ಪ ಕಾಕಾ

ಗುರಪ್ಪ ಕಾಕಾ ಯಾವುದನ್ನೂ ಬೆರಳಿನ ಗೆಣ್ಣಿನಿಂದ ಒಮ್ಮೆ ಬಡಿದು ನೋಡದೆ ನಂಬುತ್ತಿರಲಿಲ್ಲ. ಗಡಿಗೆ, ಕಲ್ಲಂಗಡಿ, ಬಾಗಿಲು, ಹೊಸ ಟ್ರಂಕು, ಎಲ್ಲಕ್ಕೂ ಟಕ್ ಟಕ್ ಎಂದು ಎರಡು ಏಟು. ಆಮೇಲೆ ತಲೆ ಓರೆ ಮಾಡಿ, ಬಲಗಿವಿಯನ್ನು ಹತ್ತಿರ ತಂದು ಒಂದು ಗಳಿಗೆ ಸುಮ್ಮನಿರುತ್ತಿದ್ದ. ನನ್ನನ್ನು ನೋಡಲು ಬಂದ ವರನ ಸ್ಕೂಟರಿನ ಟಾಕಿಯನ್ನೂ ಬಿಡಲಿಲ್ಲ. "ಅರ್ಧಾನೂ ಪೆಟ್ರೋಲ ಇಲ್ಲ. ಹುಡುಗ ಜಿಪುಣ ಇದ್ದಂಗ ಕಾಣಸ್ತಾನ" ಎಂದು ಒಳಗೆ ಬಂದು ಹೇಳಿದ್ದ. ನಾನು ಅದೇ ಹುಡುಗನನ್ನು ಮದುವೆಯಾದೆ. ಕಾಕಾನ ಮಾತು ಖರೇ ಎಂದು ಗೊತ್ತಾಗಲು ಒಂದು ತಿಂಗಳೂ ಬೇಕಾಗಲಿಲ್ಲ.

ಅವನು ನನ್ನ ಅಪ್ಪನ ತಮ್ಮ. ಖಾನಾಪುರದಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ. ಮದುವೆ ಮುಂಜಿಗಳಿಗೆ ಲೌಡ್‌ಸ್ಪೀಕರ್ ಕಟ್ಟುತ್ತಿದ್ದ. ಅಂಗಡಿಯ ಹಿಂದೆಯೇ ಕುಂಬಾರರ ಆವಿಗೆ. ಯಾವಾಗ ಯಾರ ಗಡಿಗೆಯೊಳಗೆ ಮೊದಲ ಸ್ಪೀಕರ್ ಇಳಿಸಿದನೋ ಗೊತ್ತಿಲ್ಲ, ಅಂದಿನಿಂದ ಮರದ ಪೆಟ್ಟಿಗೆ ಕಂಡರೆ ಮೂಗು ಮುರಿಯುತ್ತಿದ್ದ. "ಪೆಟ್ಟಿಗೀಗೆ ನಾಕ ಮೂಲಿ. ದನಿ ಒಂದೊಂದ ಮೂಲ್ಯಾಗ ಸಿಕ್ಕೊಂಡ ಗುಂಯ್ ಅಂತೈತಿ. ಗಡಿಗೀಗೆ ಮೂಲೀನ ಇಲ್ಲ, ಎಲ್ಲಿ ಸಿಕ್ಕೊಂತೈತಿ ಹೇಳು?" ಎನ್ನುತ್ತಿದ್ದ. ಊರವರು ಬೆನ್ನ ಹಿಂದೆ ನಕ್ಕು "ಗಡಿಗಿ ಗುರಪ್ಪ" ಎಂದರು. ಅವನು ಅದನ್ನು ಬಿರುದು ಎಂದೇ ತಿಳಿದುಕೊಂಡ.

ನನ್ನ ಗಂಡನ ಮನೆ ಬೆಳಗಾವಿಯ ಅನಗೋಳದಲ್ಲಿ. ಮಾವನವರು ಅರಿವೆ ವ್ಯಾಪಾರಿ. ಪಡಸಾಲೆಯ ನಡುವೆ ಅವರದೊಂದು ಸಾಗವಾನಿ ಕುರ್ಚಿ ಇತ್ತು, ಅದರಲ್ಲಿ ಬೇರೆ ಯಾರೂ ಕೂಡುತ್ತಿರಲಿಲ್ಲ. ಎಂಬತ್ತರ ದಶಕದ ಮೊದಲ ವರ್ಷಗಳು. ನಮ್ಮ ಜಿಪುಣರು ಹೇಗೋ ಮನಸ್ಸು ಮಾಡಿ ಸ್ಟೀರಿಯೋ ಒಂದನ್ನು ತಂದರು. ಜೊತೆಗೆ ಬಂದ ಎರಡು ದೊಡ್ಡ ಸ್ಪೀಕರ್ ಪೆಟ್ಟಿಗೆ ನೋಡಿ ಮಾವನವರು ಕೆರಳಿದರು.

"ಪಡಸಾಲ್ಯಾಗ ಇವನ್ನ ಇಡಬ್ಯಾಡ್ರಿ. ಇದೇನ ಮನೀನೋ ಗೋದಾಮೋ?"

ನನ್ನ ಬಾಯಿ ಸುಮ್ಮನಿರಬೇಕಲ್ಲ! "ಕಣ್ಣಿಗೆ ಬೀಳದಂಗ ನಮ್ಮ ಕಾಕಾ ಕೂಡಿಸಿ ಕೊಡ್ತಾನ್ರಿ. ನಾಕೂ ಕಡೆಯಿಂದ ಕೇಳಸ್ತೈತಿ" ಎಂದೆ.

"ಯಾರು, ಆ ರೇಡಿಯೋದಾವೇನು?" ಎಂದರು ಮಾವನವರು.

ಮದುವೆಯಾಗಿ ಏಳು ವರ್ಷವಾದರೂ ಕಾಕಾನನ್ನು ಅವರು ಒಮ್ಮೆಯೂ ಬೀಗರು ಎಂದು ಕರೆದಿರಲಿಲ್ಲ. ಕಾಕಾನೂ ಬಂದಾಗ ಬಾಗಿಲ ಬಳಿಯ ಬೆಂಚಿನ ಮೇಲೆ ಕುಳಿತು, ಚಹಾ ಕುಡಿದು ಎದ್ದು ಹೋಗುತ್ತಿದ್ದ. ಅದು ನನಗೆ ಮುಳ್ಳಿನಂತೆ ಚುಚ್ಚುತ್ತಿತ್ತು. ಆ ದಿನ ತವರಿನ ಮಾನವನ್ನೇ ಪಣಕ್ಕಿಟ್ಟಿದ್ದೆ.

ಮಾವನವರು ಅಂಗಡಿಗೆ ಹೋದ ಮೇಲೆ ಕಾಕಾ ಖಾನಾಪುರದ ಬಸ್ಸಿನಿಂದಿಳಿದು ಬಂದ. ಬುಟ್ಟಿಯಲ್ಲಿ ಹುಲ್ಲು ಸುತ್ತಿದ ನಾಲ್ಕು ಕೆಂಪು ಗಡಿಗೆ, ಒಂದೊಂದರೊಳಗೂ ಒಂದು ಸ್ಪೀಕರ್. ಎರಡನ್ನು ಎದುರಿನ ಗೋಡೆಯ ಗೂಡುಗಳಲ್ಲಿ, ಹಿತ್ತಾಳೆ ಕೊಡಗಳ ಹಿಂದೆ ಕೂಡಿಸಿದ. ಇನ್ನೆರಡನ್ನು ಕುರ್ಚಿಯ ಹಿಂದಿನ ಮೂಲೆಗಳಲ್ಲಿ, ಅಜ್ಜಿಯಂದಿರು ಬೆಣ್ಣೆ ತೂಗುಹಾಕುತ್ತಿದ್ದಂಥ ನೆಲುವು ಹೆಣೆದು ಜಂತಿಗೆ ಕಟ್ಟಿದ. ವೈರನ್ನು ಹಗ್ಗದ ಎಳೆಗಳ ಜೊತೆಗೇ ಹೊಸೆದಿದ್ದ. ಬಾಯಿಗೆ ಬಿಳಿ ಬಟ್ಟೆ. ಉಪ್ಪಿನಕಾಯಿ ಇಟ್ಟ ಹಾಗೇ ಕಾಣುತ್ತಿತ್ತು. ಎಲ್ಲ ಮುಗಿದ ಮೇಲೆ ತಾನೇ ನಿಂತು ಕೇಳಿ, "ಪಾಡ ಆಗೈತಿ" ಎಂದು ಮೆಚ್ಚಿಕೊಂಡ.

ಸಂಜೆ ಮಾವನವರು ಬಂದು ಕುರ್ಚಿಯಲ್ಲಿ ಕುಳಿತರು. ನನ್ನ ಗಂಡ ಮಠದ ಸ್ವಾಮಿಗಳ ಪ್ರವಚನದ ಕ್ಯಾಸೆಟ್ ಹಾಕಿದರು. "ಶರಣು ಶರಣಾರ್ಥಿ" ಎಂದು ಮೊದಲ ಮಾತು ಬಂದದ್ದೇ ತಡ, ಮಾವನವರು ದಡಕ್ಕನೆ ಎದ್ದು, ಹೆಗಲ ವಸ್ತ್ರ ಸರಿ ಮಾಡಿಕೊಂಡು, ಎಡಕ್ಕೆ ಬಾಗಿಲ ಕಡೆ ಕೈಮುಗಿದು, "ಶರಣ್ರೀ ಅಪ್ಪಾರ! ಬರ್ರಿ, ಒಳಗ ಬರ್ರಿ. ಏ, ನೀರ ತಗೊಂಬರ್ರಿ!" ಎಂದುಬಿಟ್ಟರು. ನಾನು ತಂಬಿಗೆ ತರಲು ಹೆಜ್ಜೆಯನ್ನೂ ಇಟ್ಟಿದ್ದೆ. ಬಾಗಿಲಲ್ಲಿ ಯಾರೂ ಇರಲಿಲ್ಲ. ಎಡ ಮೂಲೆಯ ಗಡಿಗೆ ಮಾತ್ರ ಗಟ್ಟಿಯಾಗಿ ಪ್ರವಚನ ಮುಂದುವರಿಸಿತ್ತು. ನನ್ನ ಗಂಡ ನಕ್ಕರು. ಮಾವನವರ ಮುಖ ಕೆಂಪಾಯಿತು.

"ನನ್ನ ಮನ್ಯಾಗ ನನ್ನ ಮಂಗ್ಯಾ ಮಾಡಿದ್ರಿ. ನಾಳೆ ಸಂಜೀ ಒಳಗ ಎಲ್ಲಾ ಬಿಚ್ಚಿ ಒಯ್ಯಾಕ ಹೇಳು" ಎಂದು ನನಗೆ ಹೇಳಿ, ದನಿ ಎಲ್ಲಿಂದ ಬಂತೆಂದೂ ನೋಡದೆ ಒಳಗೆ ಹೋದರು.

ಮರುದಿನ ಬೆಳಿಗ್ಗೆ ಸುದ್ದಿ ತಿಳಿದು ಬಂದು ನೆಲುವಿನ ಗಂಟಿಗೆ ಕೈ ಹಾಕಿದ ಕಾಕಾನನ್ನು ನಾನೇ ತಡೆದೆ. "ಎಡಗಡೆ ಅಷ್ಟ ಜೋರ ಇತ್ತು, ನಿನಗ ತಿಳೀಲಿಲ್ಲೇನ ಕಾಕಾ?" ಎಂದೆ. ಅವನು ಗಂಟಿನಿಂದ ಕೈ ತೆಗೆದ.

"ಎಡಗಿವಿ ಹೋಗಿ ನಾಕ ವರ್ಷಾತು ಗಿರಿಜವ್ವ. ಆ ಲೌಡ್‌ಸ್ಪೀಕರ್ ಬುಡಕ ಕುಂತು ಕುಂತು ಹೋತು. ದನಿ ಐತಿ ಅನ್ನೂದು ಗೊತ್ತಾಗತೈತಿ, ಯಾ ಕಡೆಯಿಂದ ಬಂತು ಅನ್ನೂದು ಗೊತ್ತಾಗಂಗಿಲ್ಲ. ಯಾರ ಮುಂದೂ ಅನಬ್ಯಾಡ. ಕಿವಿ ಇಲ್ಲದ ಮೆಕ್ಯಾನಿಕ್ ಕಡೆ ಯಾರ ಬರ್ತಾರ?"

ಅಳುತ್ತ ಕೂಡುವ ಹೊತ್ತಲ್ಲ ಅದು. "ನನ್ನ ಎರಡ ಕಿವಿ ಅದಾವಲ್ಲ" ಎಂದು, ಯಾರೂ ಕೂಡದ ಆ ಸಾಗವಾನಿ ಕುರ್ಚಿಯಲ್ಲಿ ಹೋಗಿ ಕುಳಿತು ಕಣ್ಣು ಮುಚ್ಚಿದೆ. ಕ್ಯಾಸೆಟ್ಟಿನ ದನಿ ಬಂದ ಕಡೆ ನಾನು ಬೆರಳು ತೋರಿಸಬೇಕು. ಅವನು ಏಣಿ ಹತ್ತಿ ಆ ಗಡಿಗೆಯೊಳಗೆ ದನಿ ತಗ್ಗಿಸಲು ಒಂದು ಹಿಡಿ ಹತ್ತಿ ತುಂಬಬೇಕು.

"ಈಗ?"

"ಇನ್ನೂ ಎಡಕ್ಕ ಜಗ್ಗತೈತಿ."

ಹತ್ತಿ ಹಾಕಿದ, ತೆಗೆದ, ನೆಲುವನ್ನು ನಾಲ್ಕು ಬೆರಳು ಏರಿಸಿದ, ಇಳಿಸಿದ. "ಬೆನ್ನ ಹಿಂದಿನ ದನಿ ಇದ್ದಾಗ ಗೊತ್ತಾಗಬಾರದು. ತಗದ್ರ, ಏನೋ ಹೋತು ಅನಸಬೇಕು" ಎಂದು ಏಣಿಯ ಮೇಲಿಂದಲೇ ಪಾಠ ಬೇರೆ. ಮಧ್ಯಾಹ್ನದ ಊಟವೂ ತಣ್ಣಗಾಯಿತು. ಕೊನೆಗೊಮ್ಮೆ ನನ್ನ ಕೈ ಮಡಿಲಲ್ಲೇ ಉಳಿಯಿತು.

"ಯಾಕ, ತೋರಸವಲ್ಲಿ?"

"ಎಲ್ಲಿ ಅಂತ ತೋರಸ್ಲಿ ಕಾಕಾ? ಮನೀ ತುಂಬ ಐತಿ."

ಕಾಕಾ ಏಣಿಯ ಮೇಲೆ ನಿಂತೇ ನಕ್ಕ. ಅಷ್ಟು ಚಂದ ಅವನು ನಕ್ಕದ್ದನ್ನು ನಾನು ಮೊದಲು ನೋಡಿರಲಿಲ್ಲ.

ಸಂಜೆ, ಇನ್ನೊಮ್ಮೆ ಕೇಳಿರೆಂದು ನಾನು ಬೇಡಿಕೊಂಡಾಗ, ಮಾವನವರು ಒಲ್ಲದ ಮನಸ್ಸಿನಿಂದ ಕುಳಿತರು. "ಶರಣು ಶರಣಾರ್ಥಿ" ಬಂತು. ಏಳಲಿಲ್ಲ. ಹತ್ತು ನಿಮಿಷ ಕೇಳಿ, ಆಮೇಲೆ ಎದ್ದು ಪರದೆ ಸರಿಸಿದರು, ಕಪಾಟು ತೆಗೆದರು, ಬಾಗಿ ಕುರ್ಚಿಯ ಕೆಳಗೆ ನೋಡಿದರು. ಏನೂ ಸಿಗದೆ ತಲೆಯೆತ್ತಿ, "ಪಡಸಾಲ್ಯಾಗ ಉಪ್ಪಿನಕಾಯಿ ಯಾಕ ಕಟ್ಟೀರಿ?" ಎಂದರು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ನನ್ನ ಗಂಡ ನೆಲುವಿನ ಹಗ್ಗ ಹಿಡಿದು ವೈರು ತೋರಿಸಿದರು.

ಮಾವನವರು ಸೀದಾ ಬಾಗಿಲ ಬಳಿಯ ಬೆಂಚಿಗೆ ನಡೆದರು. ಕಾಕಾ ಗಾಬರಿಯಿಂದ ಎದ್ದು ನಿಂತ.

"ಬೀಗರ, ಅಲ್ಲಿ ಯಾಕ ಕುಂತೀರಿ? ಇಲ್ಲಿ ಬರ್ರಿ" ಎಂದು ಕೈ ಹಿಡಿದು ಕರೆತಂದು ತಮ್ಮ ಕುರ್ಚಿಯಲ್ಲಿ ಕೂಡಿಸಿದರು. "ನೀವೂ ಕೇಳ್ರಿ. ನಾಕೂ ಕಡೆಯಿಂದ ಹೆಂಗ ಬರ್ತೈತಿ!"

ಕಾಕಾ ನನ್ನ ಮುಖ ನೋಡಿದ. "ಭಾಳ ಪಾಡ ಬರ್ತೈತ್ರಿ" ಎಂದ. ಆ ಕ್ಷಣ ಇಡೀ ಅನಗೋಳಕ್ಕೆ ಕೇಳುವಂತೆ "ಇವ ನಮ್ಮ ಕಾಕಾ" ಎಂದು ಕೂಗಬೇಕೆನಿಸಿತ್ತು.

ಮುಂದೆ ನಾಲ್ಕೈದು ವರ್ಷ, ಕಾಕಾ ಬಂದಾಗಲೆಲ್ಲ ಆ ಕುರ್ಚಿ ಅವನದೇ. ಆಮೇಲೆ ಕಾಯಿಲೆ ಬಂತು, ಅಂಗಡಿ ಮುಚ್ಚಿತು, ಒಂದು ದಿನ ಸುದ್ದಿಯೂ ಬಂತು. ಖಾನಾಪುರದಲ್ಲಿ ಮಣ್ಣು ಕೊಟ್ಟು ಬಂದ ಮರುದಿನ ಮಾವನವರು ತಾವಾಗಿ ಅದೇ ಕ್ಯಾಸೆಟ್ ಹಾಕಿ ಕುಳಿತರು. ಇನ್ನು ಯಾರ ಗಿರಾಕಿ ತಪ್ಪಬೇಕಿದೆ ಎಂದುಕೊಂಡು, ಕಾಕಾನ ಎಡಗಿವಿಯ ವಿಷಯ ಅವರಿಗೆ ಹೇಳಿದೆ.

ಅವರು ತಮ್ಮ ಎಡಗಿವಿಗೆ ಬೆರಳಿಟ್ಟುಕೊಂಡರು.

"ಬೀಗರಿಗೆ ಇಷ್ಟ ಕೇಳಸ್ತಿತ್ತೇನವಾ?"

"ಹೌದ್ರಿ" ಎಂದೆ.

ಕ್ಯಾಸೆಟ್ ಮುಗಿಯುವವರೆಗೂ ಮಾವನವರು ಆ ಬೆರಳು ತೆಗೆಯಲಿಲ್ಲ.