ಹಿಂದೆ ಮರೆಯಿರುವ ಇಂಜಿನ್

ನನ್ನ ಮಾವನವರು ವಾರಾಣಸಿಗೆ, ನಮ್ಮ ಮನೆಗೆ ಬಂದ ಮೇಲೆ ಅತಿ ಹೆಚ್ಚು ಸಲ ಆಡಿದ ಮಾತೆಂದರೆ ‘ನಿಮ್ಮಿಷ್ಟ ಅಳಿಯಂದಿರೇ’ ಎಂಬುದು. ಫ್ಯಾನ್ ಹಾಕಲೇ ಎಂದರೆ ನಿಮ್ಮಿಷ್ಟ. ಕಿಟಕಿ ಮುಚ್ಚಲೇ ಎಂದರೂ ನಿಮ್ಮಿಷ್ಟ. ನನಗೋ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಜಗಳವಾಡುವವರ ಜೊತೆ ಹೇಗಾದರೂ ಬಾಳಬಹುದು, ಎಲ್ಲದಕ್ಕೂ ತಲೆಯಾಡಿಸುವವರ ಜೊತೆ ಬಾಳುವುದು ಕಷ್ಟ.

ಅತ್ತೆ ತೀರಿಕೊಂಡ ಮೇಲೆ, ಒಬ್ಬಳೇ ಮಗಳಾದ ನನ್ನ ಹೆಂಡತಿ ಅರಸೀಕೆರೆಗೆ ಹೋಗಿ ಹಟ ಮಾಡಿ ಅವರನ್ನು ಕರೆತಂದಿದ್ದಳು. ಮಗಳ ಮನೆಯಲ್ಲಿ ನಾಲ್ಕು ದಿನಕ್ಕಿಂತ ಹೆಚ್ಚು ಇರಬಾರದು, ಅಳಿಯನ ಅನ್ನ ಉಣ್ಣಬಾರದು ಎಂದು ನಂಬಿದ ತಲೆಮಾರಿನವರು ಅವರು. ಬಂದವರು ನೆಂಟರಂತೆಯೇ ಇದ್ದರು. ಅವರಿಗೆಂದು ನನ್ನ ಹೆಂಡತಿ ಬೀರುವಿನಲ್ಲಿ ಒಂದು ಅರೆಯನ್ನು ಖಾಲಿ ಮಾಡಿ ಪೇಪರ್ ಹಾಸಿಟ್ಟಿದ್ದಳು. ಆ ಅರೆ ಖಾಲಿಯಾಗಿಯೇ ಉಳಿಯಿತು. ಅವರ ಪಂಚೆ, ಅಂಗಿಗಳು ಮಂಚದ ಕೆಳಗಿನ ಸೂಟ್‌ಕೇಸಿನಿಂದ ಹೊರಬಂದು, ಒಗೆಸಿಕೊಂಡು, ಒಣಗಿ, ಮಡಿಸಿಕೊಂಡು ಮತ್ತೆ ಅದೇ ಸೂಟ್‌ಕೇಸಿಗೆ ಹೋಗುತ್ತಿದ್ದವು. ಊಟಕ್ಕೆ ಕೂತರೆ ಎರಡನೆಯ ಸಲ ಬಡಿಸುವ ಮೊದಲೇ ತಟ್ಟೆಗೆ ಕೈ ಅಡ್ಡ ಹಿಡಿಯುತ್ತಿದ್ದರು. ಅಡುಗೆ ಹೇಗಿದೆ ಎಂದು ಕೇಳಿದರೆ ಯಾವಾಗಲೂ ಬಹಳ ಚೆನ್ನಾಗಿದೆ. ಸೀದ ಪಲ್ಯವೂ ಬಹಳ ಚೆನ್ನಾಗಿದೆ. ವಾರಕ್ಕೊಮ್ಮೆ ಮಾತ್ರ, ಅರಸೀಕೆರೆಯಲ್ಲಿರುವ ತಮ್ಮನ ಮನೆಗೆ ಹೋಗಲು ಟಿಕೆಟ್ ಸಿಗುತ್ತದೆಯೇ ಎಂದು ಮೆಲ್ಲಗೆ ವಿಚಾರಿಸುತ್ತಿದ್ದರು. ಆ ದಿನ ನನ್ನ ಹೆಂಡತಿ ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಅಪ್ಪ ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ನಾನು ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವವನು. ಮನೆಯಲ್ಲಿ ಮಾತ್ರ ಆಟದ ರೈಲು ಬಿಡುವವನು. ಭೇಲೂಪುರದ ನಮ್ಮ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ, ಯಾರೋ ಕಿತ್ತು ಎಸೆದ ಹಳೆಯ ಬಾಗಿಲೊಂದನ್ನು ಎರಡು ಸ್ಟೂಲುಗಳ ಮೇಲೆ ಮಲಗಿಸಿ, ಅದರ ಮೇಲೆ ಹಳಿ ಜೋಡಿಸಿ ಪುಟ್ಟ ಸ್ಟೇಷನ್ ಕಟ್ಟಿದ್ದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರಲ್ಲ, ನಾನು ಚಾಚಿದ್ದು ಬಾಗಿಲಿಗಿಂತ ಉದ್ದ. ಮೇಲ್ ಗಾಡಿ ಎಳೆಯುವ ದೊಡ್ಡ ಇಂಜಿನ್ ಕೊಂಡಿದ್ದೆ. ಅದು ಕಿಟಕಿಯ ಕಡೆಯ ತಿರುವಿನಲ್ಲಿ ಪ್ರತಿ ಸಲವೂ ಹಳಿ ತಪ್ಪಿ ಅಡ್ಡ ಬೀಳುತ್ತಿತ್ತು. ಮಾವನವರು ದೂರದ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ಇಂಜಿನ್ ಬಿದ್ದಾಗ ಅವರ ಕೈ ಮೊಣಕಾಲಿನಿಂದ ತಾನಾಗಿ ಮೇಲೇಳುತ್ತಿತ್ತು, ಮತ್ತೆ ಹೋಗಿ ಮೊಣಕಾಲ ಮೇಲೆ ಕೂರುತ್ತಿತ್ತು.

ಅವರು ಅರಸೀಕೆರೆ ಯಾರ್ಡಿನಲ್ಲಿ ಶಂಟಿಂಗ್ ಡ್ರೈವರ್ ಆಗಿದ್ದವರು. ಉಗಿಬಂಡಿಯ ಕಾಲದಲ್ಲಿ, ಒಂದು ಸಾಲಿನ ಬೋಗಿಗಳನ್ನು ಬಿಡಿಸಿ ಇನ್ನೊಂದು ಸಾಲಿಗೆ ಜೋಡಿಸುವ ಸಣ್ಣ ಇಂಜಿನ್ ಓಡಿಸುತ್ತಿದ್ದರು. ಯಾರ್ಡ್ ಬಿಟ್ಟು ಊರಾಚೆ ಹೋಗದ ಇಂಜಿನ್ ಅದು. ನನ್ನ ಬಾಗಿಲಿಗೂ ಅಂಥದೇ ಬೇಕೆಂದು ಕೊನೆಗೆ ನನಗೆ ಹೊಳೆಯಿತು. ಉದ್ದ ಕಡಿಮೆ ಇರಬೇಕು, ತಿರುವಿನಲ್ಲಿ ಬಾಗಬೇಕು, ಆಮೆಯ ನಡಿಗೆಯಲ್ಲೂ ಮುಗ್ಗರಿಸಬಾರದು. ತಿಂಗಳುಗಟ್ಟಲೆ ಇಂಟರ್‌ನೆಟ್ಟಿನಲ್ಲಿ ಓದಿ, ಹಸಿರು ಬಣ್ಣದ ನಾಲ್ಕು ಗಾಲಿಯ ಒಂದನ್ನು ಮನಸ್ಸಿನಲ್ಲೇ ಆರಿಸಿಟ್ಟುಕೊಂಡೆ.

ವಿಶ್ವವಿದ್ಯಾಲಯದ ಗೇಟಿನೆದುರಿನ ಲಂಕಾ ಎಂಬ ಪೇಟೆಯಲ್ಲಿ ಎಂಜಿನಿಯರಿಂಗ್ ಹುಡುಗರಿಗೆ ಮೋಟರು, ವೈರು ಮಾರುವ ಅಂಗಡಿಯವನೊಬ್ಬನಿದ್ದ. ಹೇಳಿದರೆ ಹೊರಗಿನಿಂದ ಇಂಜಿನ್‌ಗಳನ್ನೂ ತರಿಸಿಕೊಡುತ್ತಿದ್ದ. ಅವನಿಗೆ ಹೇಳಿಟ್ಟಿದ್ದೆ. ಎರಡು ಬಂದಿವೆ, ನೋಡಿ ಒಂದನ್ನು ಇಟ್ಟುಕೊಳ್ಳಿ ಎಂದು ಫೋನ್ ಮಾಡಿದ. ನೀವೂ ಬರುತ್ತೀರಾ ಎಂದು ಮಾವನವರನ್ನು ಕೇಳಿದೆ. ನಿಮ್ಮಿಷ್ಟ ಎಂದರು. ಇಬ್ಬರೂ ಟೋಟೋ ಎನ್ನುವ ಬ್ಯಾಟರಿ ರಿಕ್ಷಾ ಹತ್ತಿ ಹೋದೆವು.

ಅಂಗಡಿಯವನು ಎರಡನ್ನೂ ಗಾಜಿನ ಮೇಜಿನ ಮೇಲಿಟ್ಟ. ನನ್ನ ಹಸಿರು ಇಂಜಿನ್ ಹಿತ್ತಾಳೆಯ ಗುಮ್ಮಟ ಹೊತ್ತು ಮದುಮಗನಂತೆ ಮಿನುಗುತ್ತಿತ್ತು. ಪಕ್ಕದಲ್ಲಿದ್ದದ್ದು ಕರಿ ಬಣ್ಣದ್ದು, ಆರು ಗಾಲಿಯದು, ಯಾವ ಅಲಂಕಾರವೂ ಇಲ್ಲದ್ದು. ಹಸಿರಿನದನ್ನು ಪ್ಯಾಕ್ ಮಾಡು ಎಂದು ನಾನು ಹೇಳುವಷ್ಟರಲ್ಲಿ ಮಾವನವರು ಅದನ್ನು ಕೈಗೆತ್ತಿಕೊಂಡರು. ಕಣ್ಣಿನ ಹತ್ತಿರ ತಂದು, ಡ್ರೈವರ್ ನಿಲ್ಲುವ ಜಾಗಕ್ಕೆ ಕಿರುಬೆರಳು ತೂರಿಸಿ ನೋಡಿದರು.

‘ಬೇಡ. ಇದು ಬೇಡ,’ ಎಂದರು.

ಯಾಕೆ ಎಂದೆ.

‘ಹಿಂದೆ ಮರೆ ಇಲ್ಲ, ನೋಡಿ. ಶಂಟಿಂಗ್ ಇಂಜಿನ್ನು ಅರ್ಧ ದಿನ ಹಿಂದಕ್ಕೇ ಓಡೋದು. ಮಳೆ ಬಂದ್ರೆ ಒಳಗಿರೋನು ಪೂರಾ ನೆಂದು ಹೋಗ್ತಾನೆ.’

ಒಳಗೆ ಯಾರೂ ಇಲ್ಲವಲ್ಲ ಮಾವ, ಇದು ಆಟದ್ದು ಎಂದೆ.

‘ಇಂಜಿನ್ ಅಂದ್ಮೇಲೆ ಒಬ್ಬ ಇದ್ದೇ ಇರ್ತಾನೆ,’ ಎಂದರು. ಆಮೇಲೆ ತಾವೆಲ್ಲಿದ್ದೇವೆ ಎಂಬುದು ನೆನಪಾಗಿ, ಹಸಿರು ಇಂಜಿನನ್ನು ಮೇಜಿನ ಮೇಲಿಟ್ಟು, ‘ನಿಮ್ಮಿಷ್ಟ’ ಎಂದು ಸೇರಿಸಿದರು.

ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ನನ್ನದು. ಆ ಹಸಿರು ಇಂಜಿನ್ ಇನ್ನೂ ಸೊಗಸಾಗಿ ಓಡುತ್ತಿತ್ತು ಎಂದು ಈಗಲೂ ವಾದಿಸಬಲ್ಲೆ. ಆದರೆ ನಮ್ಮ ಮನೆಗೆ ಬಂದ ಮೇಲೆ ಅವರು ಮೊದಲ ಸಲ ಬೇಡ ಎಂದಿದ್ದರು. ಅದನ್ನು ಮೀರಲು ನನಗೆ ಮನಸ್ಸು ಬರಲಿಲ್ಲ. ಹಿಂದೆ ಮರೆಯಿದ್ದ ಕರಿಯದನ್ನೇ ಕಟ್ಟಿಸಿದೆ. ಅಂಗಡಿಯವನು ನಕ್ಕು, ‘ಬಾಬೂಜಿ ಕೀ ಪಸಂದ್ ಪಕ್ಕೀ ಹೈ’ ಎಂದ, ಹಿರಿಯರ ಆಯ್ಕೆ ಪಕ್ಕಾ ಎಂದು. ಮಾವನವರಿಗೆ ಹಿಂದಿ ಬಾರದು. ಆದರೂ ತಲೆದೂಗಿದರು.

ದಾರಿಯುದ್ದಕ್ಕೂ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಮಾತಾಡಿದರು. ಮಳೆಗಾಲದಲ್ಲಿ ಹಿಂದಕ್ಕೆ ಓಡುವಾಗ ತಲೆಯ ಮೇಲೆ ಗೋಣಿಚೀಲ ಕೊಪ್ಪೆ ಮಾಡಿ ಹಾಕಿಕೊಳ್ಳುತ್ತಿದ್ದರಂತೆ. ಮುಂದೆ ಬೆಂಕಿಯಿಂದ ಎದೆ ಬೇಯುತ್ತಿತ್ತು, ಹಿಂದೆ ಬೆನ್ನು ನೆನೆಯುತ್ತಿತ್ತು. ಮನೆಗೆ ಹೋದರೆ ಅತ್ತೆ ಅಂಗಿಯನ್ನು ಒಲೆಯ ಮೇಲೆ ಕಟ್ಟಿದ ಗಳುವಿಗೆ ಹರವುತ್ತಿದ್ದರು. ಮಾರನೆಯ ದಿನ ಆ ಅಂಗಿ ಒಗ್ಗರಣೆಯ ವಾಸನೆ ಹೊಡೆಯುತ್ತಿತ್ತಂತೆ. ಅತ್ತೆಯ ಮಾತನ್ನು ಅವರು ಎತ್ತಿದ್ದು ಅದೇ ಮೊದಲು. ಬಾಗಿಲು ತೆಗೆದ ನನ್ನ ಹೆಂಡತಿ, ಮೆಟ್ಟಿಲಿನಿಂದಲೇ ಅಪ್ಪನ ದನಿ ಕೇಳಿಸುತ್ತಿತ್ತು ಎಂದಳು.

ಆದರೂ ಅವರು ಇಂಜಿನನ್ನು ಮುಟ್ಟಲಿಲ್ಲ. ಸ್ವಿಚ್ ಹಿಡಿದು ನೀವೇ ಓಡಿಸಿ ಎಂದರೆ, ನಿಮ್ಮ ಸಾಮಾನು, ನೀವು ಓಡಿಸಿ ಎನ್ನುತ್ತಿದ್ದರು. ಕುರ್ಚಿ ಮಾತ್ರ ಬಾಗಿಲ ಹಲಗೆಯ ಹತ್ತಿರಕ್ಕೆ ಬಂತು.

ಹೀಗಿರುವಾಗ ಆಯುಧಪೂಜೆ ಬಂತು. ಇಲ್ಲಿಯವರು ತಮ್ಮ ಯಂತ್ರಗಳಿಗೆ ಮೊದಲೇ ವಿಶ್ವಕರ್ಮ ಪೂಜೆಯಲ್ಲಿ ಪೂಜೆ ಮಾಡಿ ಮುಗಿಸಿರುತ್ತಾರೆ. ನಮ್ಮದು ನವರಾತ್ರಿಯಲ್ಲಿ. ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಮಾವನವರು ಕೆಲಸ ಮುಗಿಸಿದ್ದರು. ಯಾರ್ಡಿನಲ್ಲಿ ಮಾಡುತ್ತಿದ್ದಂತೆ ಇಂಜಿನ್ನಿಗೆ ಮೂರು ಪಟ್ಟೆ ವಿಭೂತಿ ಬಳಿದು, ನಡುವೆ ಕುಂಕುಮ ಇಟ್ಟು, ಗಾಲಿಗಳಿಗೆ ಧಾರಾಳವಾಗಿ ಕೊಬ್ಬರಿ ಎಣ್ಣೆ ಬಿಟ್ಟಿದ್ದರು. ಗಾಲಿಯಡಿ ಇಡಲು ನಿಂಬೆಹಣ್ಣು ಇಂಜಿನ್ನಿಗಿಂತ ದಪ್ಪವಾದ್ದರಿಂದ ಒಂದು ದ್ರಾಕ್ಷಿ ಇಟ್ಟಿದ್ದರು. ಮುಖ ಅರಳಿತ್ತು. ಈಗ ಬಿಡಿ ಎಂದರು.

ಸ್ವಿಚ್ ಒತ್ತಿದೆ. ಇಂಜಿನ್ ದ್ರಾಕ್ಷಿಯನ್ನು ಜಜ್ಜಿ ಒಂದು ಗೇಣು ಹೋಗಿ ನಿಂತಿತು. ಮತ್ತೆ ಅಲುಗಲಿಲ್ಲ. ಹಳಿಯಿಂದ ಗಾಲಿಗೆ ಕರೆಂಟ್ ಹತ್ತಿದರೆ ತಾನೇ ಅದು ಓಡುವುದು. ಎಣ್ಣೆ, ಕುಂಕುಮ, ದ್ರಾಕ್ಷಿ ರಸ ಸೇರಿ ಹಳಿಯ ಮೇಲೆ ಗೊಜ್ಜು ಕಲಸಿದಂತಾಗಿತ್ತು.

ಹಾಳಾಯಿತೇ ಎಂದು ಕೇಳಿದರು. ನಾನು ಇಂಜಿನನ್ನು ತಲೆಕೆಳಗು ಮಾಡಿ ಗಾಲಿಗಳನ್ನು ನೋಡುತ್ತಿದ್ದೆ. ಅವರು ಎದ್ದು ಕೋಣೆಗೆ ಹೋದರು. ಮಂಚದ ಕೆಳಗಿನಿಂದ ಸೂಟ್‌ಕೇಸ್ ಎಳೆದ ಸದ್ದು ಕೇಳಿಸಿತು. ಹಗ್ಗದ ಮೇಲಿದ್ದ ಒದ್ದೆ ಟವೆಲ್ಲನ್ನೂ ತಂದು ಅದರೊಳಗೆ ಇಡುತ್ತಿದ್ದರು. ಅಳಿಯನ ಮನೆಯಲ್ಲಿದ್ದು ಅವರ ವಸ್ತುವನ್ನೇ ಕೆಡಿಸಿದೆ, ತಮ್ಮನ ಮನೆಗೆ ಹೋಗುತ್ತೇನೆ ಎಂದರು. ನನ್ನ ಹೆಂಡತಿ ಸೌಟು ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖ ನೋಡಿ ನನ್ನ ತಾಳ್ಮೆ ತಪ್ಪಿತು. ನನ್ನ ಸ್ವಂತ ಅಪ್ಪನ ಮೇಲೆ ರೇಗುತ್ತಿದ್ದಂತೆಯೇ ರೇಗಿದೆ.

‘ಎಲ್ಲಿಗೆ ಹೋಗ್ತೀರಿ? ಕೆಡಿಸಿದವರು ನೀವು, ಸರಿ ಮಾಡೋರೂ ನೀವೇ. ಎಣ್ಣೆ ಸುರಿದು ಊರಿಗೆ ಹೊರಟ್ರೆ ಉಳಿದದ್ದನ್ನ ಯಾರು ಒರೆಸ್ತಾರೆ? ಬನ್ನಿ ಈ ಕಡೆ.’

ಮಾವನವರನ್ನು ಗದರಿಸುವ ಅಳಿಯನನ್ನು ನಮ್ಮ ಕಡೆ ಯಾರೂ ಮೆಚ್ಚುವುದಿಲ್ಲ. ಅವರು ನನ್ನನ್ನೇ ನೋಡಿದರು. ಆಮೇಲೆ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಬಂದು, ನನ್ನ ಪಕ್ಕದಲ್ಲಿ ಕೂತರು.

ಸ್ಪಿರಿಟ್, ಹಳೆಯ ಟೂತ್‌ಬ್ರಷ್, ಹತ್ತಿ ಹಿಡಿದು ಇಬ್ಬರೂ ಗಾಲಿಗಳನ್ನು ಒಂದೊಂದಾಗಿ ಒರೆಸಿದೆವು. ಸ್ವಲ್ಪ ಹೊತ್ತಿಗೆ ಅವರು, ಕೈ ಅಡ್ಡ ತೆಗೀರಿ, ಬೆಳಕು ಬರ್ತಿಲ್ಲ ಎಂದರು. ಇನ್ನೂ ಸ್ವಲ್ಪ ಹೊತ್ತಿಗೆ, ಇಷ್ಟು ಒರಟಾಗಿ ಉಜ್ಜಿದರೆ ಯಾವ ಇಂಜಿನ್ ತಾನೇ ಬಾಳುತ್ತದೆ ಎಂದು ನನ್ನ ಕೈಯಿಂದ ಬ್ರಷ್ ಕಿತ್ತುಕೊಂಡರು. ನಾನೂ ಬಿಡಲಿಲ್ಲ, ಕೊಬ್ಬರಿ ಎಣ್ಣೆ ತಲೆಗೆ ಹಚ್ಚುವುದು ಎಂದೆ. ಇಂಜಿನ್ನಿನ ಹಣೆಯ ವಿಭೂತಿಯನ್ನು ಮಾತ್ರ ಒರೆಸಲು ಅವರು ಒಪ್ಪಲಿಲ್ಲ. ಅದು ಈಗಲೂ ಇದೆ.

ಮಧ್ಯಾಹ್ನದ ಹೊತ್ತಿಗೆ ಸ್ವಿಚ್ ಒತ್ತಿದವರು ಅವರೇ. ಇಂಜಿನ್ ಒಮ್ಮೆ ಮುಗ್ಗರಿಸಿ, ಎರಡು ಬೋಗಿಗಳನ್ನು ನೂಕಿಕೊಂಡು ಹಿಂದಕ್ಕೆ ಓಡಿತು. ಕಿಟಕಿಯ ತಿರುವನ್ನು ಮೆಲ್ಲಗೆ ದಾಟಿತು. ಅವರು ಉಸಿರು ಬಿಗಿಹಿಡಿದು ಅದರ ಜೊತೆಗೇ ಬಾಗಿದರು. ನನಗೆ ಅವರ ಮೇಲೆ ಎಷ್ಟು ಪ್ರೀತಿ ಬಂತೆಂದರೆ, ಮತ್ತೊಮ್ಮೆ ಬೈಯಬೇಕೆನಿಸಿತು.

ಹಬ್ಬದ ಊಟಕ್ಕೆ ಕೂತೆವು. ಮಂಚದ ಮೇಲೆ ಬಾಯಿ ತೆರೆದುಕೊಂಡಿದ್ದ ಸೂಟ್‌ಕೇಸ್ ನನ್ನ ಹೆಂಡತಿ ಕೂತಲ್ಲಿಂದ ಕಾಣುತ್ತಿತ್ತು. ಅವಳು ಬಡಿಸಿದಳು. ಮಾವನವರು ಅನ್ನಕ್ಕೆ ಸಾರು ಕಲಸಿ ಒಂದು ತುತ್ತು ಬಾಯಿಗಿಟ್ಟು, ಮುಖ ಕಿವುಚಿದರು.

‘ಸಾರಿಗೆ ಉಪ್ಪೇ ಹಾಕಿಲ್ವಲ್ಲಮ್ಮ. ಎಲ್ಲಿತ್ತು ನಿನ್ನ ಗ್ಯಾನ?’

ತರುತ್ತೇನೆ ಇರಪ್ಪ ಎಂದು ಅವಳು ಎದ್ದು ಒಳಗೆ ಹೋದಳು. ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ಉಪ್ಪಿನ ಡಬ್ಬಿ ಮೇಜಿನ ಮೇಲೇ, ಅವಳ ತಟ್ಟೆಯ ಪಕ್ಕದಲ್ಲೇ ಇತ್ತು.