ಕಳಕವ್ವ ಬುಟ್ಟಿ ಹೊರದ ವರ್ಷ

ಕಳಕವ್ವನ ಬಾಯಿಗೆ ನಮ್ಮೂರಲ್ಲಿ ಹೆದರದವರಿಲ್ಲ. ಪಕ್ಕದ ಮನೆಯವಳಾದ ನಾನು ಉಳಿದವರಿಗಿಂತ ಸ್ವಲ್ಪ ಹೆಚ್ಚೇ ಹೆದರುತ್ತೇನೆ. ಅವರದು ಕುಂಬಾರರ ಮನೆ. ಗಡಿಗೆ ಕೊಳ್ಳುವವರಿಲ್ಲದೆ ತಿಗರಿಯ ಚಕ್ರ ಮೂಲೆ ಸೇರಿ ಎಷ್ಟೋ ಕಾಲವಾಯಿತು. ಆದರೆ ಮಣ್ಣೆತ್ತಿನ ಅಮಾವಾಸ್ಯೆ ಬಂತೆಂದರೆ ಬೆಣ್ಣೆಹಳ್ಳದ ದಂಡೆಯಿಂದ ಜಿಗುಟು ಕರಿಮಣ್ಣು ಹೊತ್ತು ತಂದು, ಮನೆ ಮನೆಗೆ ಒಂದು ಜೋಡಿ ಎತ್ತು ಮಾಡಿ ಕೊಡುವವಳು ಅವಳೇ. ಆ ಎತ್ತಿಗೆ ಹೋಳಿಗೆ ಎಡೆಯಾಗದೆ ನಮ್ಮ ರೋಣದ ಕಡೆ ಯಾರೂ ಊಟಕ್ಕೆ ಕೂರುವುದಿಲ್ಲ.

ಮನೆಗೆ ನಲ್ಲಿ ಬಂದ ಮೇಲೆ ಊರು ಹಳ್ಳಕ್ಕೆ ಬೆನ್ನು ಹಾಕಿತು. ದಿನವೂ ಅತ್ತ ಹೋಗುತ್ತಿದ್ದದ್ದು ಕಸದ ಟ್ರ್ಯಾಕ್ಟರ್ ಮಾತ್ರ. ಅದು ಸುರಿಯುತ್ತಿದ್ದದ್ದು ಸರಿಯಾಗಿ ಕಳಕವ್ವನ ಮಣ್ಣಿನ ಗುಂಡಿಯ ಮೇಲೆ. ಹೋದ ವರ್ಷ ಮಣ್ಣು ನಾದುವಾಗ ಗಾಜಿನ ಚೂರು ಅವಳ ಅಂಗೈ ಸೀಳಿತ್ತು. ಹೀಗೇ ನಡೆದರೆ ಮಣ್ಣೂ ಇಲ್ಲ, ಎತ್ತೂ ಇಲ್ಲ. ಊರಿನ ಹಿರಿಯರಿಗೆ ಹೇಳಿದಳು. ನೋಡೋಣ ಎಂದರು. ನೋಡಲು ಒಬ್ಬರೂ ಹೋಗಲಿಲ್ಲ.

ಈ ವರ್ಷ ಅಮಾವಾಸ್ಯೆಯ ಹಿಂದಿನ ದಿನ ಅವಳು ಬುಟ್ಟಿ ಹೊರಲಿಲ್ಲ. ಓಣಿಯ ನಡುವೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು.

"ಈ ಸಲ ಎತ್ತು ನಾ ಮಾಡಿ ಕೊಡಂಗಿಲ್ಲ. ಬೇಕಾದವ್ರು ನಾಳಿ ಹಳ್ಳಕ್ಕ ಬರ್ರಿ. ಮಣ್ಣ ನೀವ ತಗೀರಿ, ಎತ್ತ ನೀವ ಮಾಡ್ರಿ. ಹ್ಯಾಂಗಂತ ನಾ ತೋರಸ್ತೀನಿ."

ಪ್ರತಿ ವರ್ಷ ಮೊದಲ ಜೋಡಿ ಹೋಗುತ್ತಿದ್ದದ್ದು ದೊಡ್ಡ ಹೊಲದ ಅಂದಾನೆಪ್ಪನ ಮನೆಗೆ. ಅವನ ಸಿಟ್ಟು ನೆತ್ತಿಗೇರಿತು. ರೋಣದ ಬಜಾರಿನಿಂದ ಬಣ್ಣ ಬಳಿದ ಪ್ಲಾಸ್ಟರ್ ಎತ್ತು ತರಿಸಿದ. ಎಲ್ಲರೂ ಹಾಗೇ ಮಾಡಿರೆಂದು ಕಟ್ಟೆಯ ಮೇಲೆ ಸಾರಿದ, ಗಂಡಸರು ತಲೆಯಾಡಿಸಿದರು. ಆ ಸಂಜೆ ಕಳಕವ್ವ ನಮ್ಮ ಬಾಗಿಲಿಗೆ ಬಂದು ಸುಮ್ಮನೆ ಕೂತಳು. ಆ ಬಾಯಿ ಸುಮ್ಮನಿದ್ದದ್ದನ್ನು ನಾನು ಕಂಡದ್ದು ಅದೇ ಮೊದಲು.

ಬೆಳಗ್ಗೆ ಅವಳ ಜೊತೆ ನಾನೂ ಹೊರಟೆ. ಹೋಗದಿದ್ದರೆ ವರ್ಷವಿಡೀ ಬೈಸಿಕೊಳ್ಳಬೇಕಲ್ಲ. ಮೂಗು ಮುಚ್ಚಿಕೊಂಡು ಇಬ್ಬರೇ ನಿಂತೆವು, ಬಿಸಿಲೇರಿತು. ಆಮೇಲೆ ದಾರಿಯಲ್ಲಿ ಬಳೆ ಸದ್ದು ಕೇಳಿತು. ಸಲಿಕೆ ಹಿಡಿದು ಮುಂದೆ ಬರುತ್ತಿದ್ದವಳು ಅಂದಾನೆಪ್ಪನ ಹೆಂಡತಿ ಅನ್ನಪೂರ್ಣೇಶ್ವರಿ. ಹಿಂದೆ ಓಣಿ ಓಣಿಯ ಹೆಂಗಸರು.

"ಪ್ಯಾಟಿ ಎತ್ತಿಗೆ ನಾ ಆರತಿ ಎತ್ತಂಗಿಲ್ಲ ಅಂತ ಹೇಳಿ ಬಂದೀನಿ," ಎಂದಳು.

ಮಣ್ಣು ಸಿಗಬೇಕಾದರೆ ಮೊದಲು ಕಸ ತೆಗೆಯಬೇಕಿತ್ತು. ಅದನ್ನು ಎಳೆಯುತ್ತ ಹೋದಂತೆ ಒಬ್ಬೊಬ್ಬರಿಗೂ ತಮ್ಮ ಮನೆಯದೇ ಬಕೀಟು, ಚಪ್ಪಲಿ ಸಿಕ್ಕವು. ಯಾರೂ ಮುಖ ಎತ್ತಲಿಲ್ಲ, ಕೈ ಮಾತ್ರ ಜೋರಾದವು. ಅಡಿಯಲ್ಲಿ ಕರಿಮಣ್ಣು ತಣ್ಣಗಿತ್ತು. ಕಳಕವ್ವ ಕೊಂಬು ತೀಡುವುದನ್ನು ತೋರಿಸಿದಳು, ಬೆನ್ನ ಮೇಲೆ ಡುಬ್ಬ ಏರಿಸುವುದನ್ನು ತೋರಿಸಿದಳು, ತಪ್ಪಿದವರಿಗೆ ಮನಸಾರೆ ಬೈದಳು. ಅವಳ ಬಾಯಿ ಮರಳಿ ಬಂದದ್ದಕ್ಕೆ ನನಗೆ ಹೇಳಲಾರದಷ್ಟು ಸಂತೋಷವಾಯಿತು.

ಮಧ್ಯಾಹ್ನ ಗಂಡಸರೂ ಬಂದರು, ಬರದೆ ಏನು ಮಾಡಿಯಾರು? ಯಾರ ಮನೆಯಲ್ಲೂ ಹೋಳಿಗೆ ಬೆಂದಿರಲಿಲ್ಲ. ಹೆಂಡತಿಯನ್ನು ಗದರಿಸಲು ಬಂದ ಅಂದಾನೆಪ್ಪನ ಕೈಗೆ ಅವಳು ಒಂದು ಮುದ್ದೆ ಮಣ್ಣು ಇಟ್ಟಳು. ಅವನು ಬಹಳ ಹೊತ್ತು ತಿದ್ದಿ ತೀಡಿ ಮಾಡಿದ ಎತ್ತು ಕತ್ತೆಯನ್ನು ಹೋಲುತ್ತಿತ್ತು. ಅದಕ್ಕೆ ಕಳಕವ್ವ ನಗಲಿಲ್ಲ.

ಮನೆಗೊಂದು ಜೋಡಿ, ಹಳ್ಳಕ್ಕೊಂದು ಜೋಡಿ ಎಂದು ಅವಳು ಅಪ್ಪಣೆ ಮಾಡಿದಳು. ನೀರಿನ ಕಡೆ ಮುಖ ಮಾಡಿ ದಂಡೆಯುದ್ದಕ್ಕೂ ಎತ್ತು ಸಾಲಾಗಿ ನಿಂತವು. ಎಲ್ಲಕ್ಕಿಂತ ಮುಂದೆ ಅಂದಾನೆಪ್ಪನದು. ಅವನು ತಿರುಗಿ ತಿರುಗಿ ಅದನ್ನೇ ನೋಡುತ್ತ ಮನೆಗೆ ಹೋದ.

ಮರುದಿನ ಬೆಳಗ್ಗೆ ಕಸದ ಟ್ರ್ಯಾಕ್ಟರ್ ಎಂದಿನಂತೆ ಬಂತು. ಕಳಕವ್ವ ಸೆರಗು ಸಿಕ್ಕಿಸಿಕೊಂಡು ಜಗಳಕ್ಕೇ ಓಡಿದಳು, ಹಿಂದೆ ನಾನು. ನಾವು ಮುಟ್ಟುವಷ್ಟರಲ್ಲಿ ದಾರಿಗೆ ಅಡ್ಡವಾಗಿ ಅಂದಾನೆಪ್ಪ ನಿಂತಿದ್ದ.

"ಹಿಂದಕ್ಕ ಹೊಳ್ಳಸು," ಎಂದ ಡ್ರೈವರನಿಗೆ. "ಅಲ್ಲಿ ನನ್ನ ಎತ್ತು ನಿಂತಾವ."

ಮಳೆ ಬಂದು ಆ ಎತ್ತುಗಳನ್ನೆಲ್ಲ ಹಳ್ಳ ಒಯ್ದಿತು. ಟ್ರ್ಯಾಕ್ಟರ್ ಮಾತ್ರ ಮತ್ತೆ ಅತ್ತ ಸುಳಿಯಲಿಲ್ಲ. ಮುಂದಿನ ವರ್ಷದ ಅಮಾವಾಸ್ಯೆಗೆ ಮೊದಲ ಮಣ್ಣು ತನ್ನದೇ ಎಂದು ಅಂದಾನೆಪ್ಪ ಈಗಲೇ ಕಳಕವ್ವನ ಬೆನ್ನು ಹತ್ತಿದ್ದಾನೆ. ಸರದಿಯಲ್ಲಿ ಬಾ ಎಂದು ಅವಳು ಬೈದು ಕಳಿಸಿದ್ದಾಳೆ.