ಉರಿಯುವ ವಾಲ್ವ್ ಮತ್ತು ನನ್ನ ಸೂಕ್ಷ್ಮ ಕಿವಿ

ನನಗೆ ಬಲು ಸೂಕ್ಷ್ಮವಾದ ಕಿವಿ ಇದೆ ಎಂದು ನಾನು ಮೂರು ವಾರ ನಂಬಿದ್ದೆ. ನಿಮ್ಮ ಹತ್ತಿರ ಹೇಳಿಕೊಳ್ಳಲು ಏನು ಸಂಕೋಚ? ಆಧಾರವಿಲ್ಲದ ಎಷ್ಟೋ ಸಂಗತಿಗಳನ್ನು ಜನ ಜನ್ಮವಿಡೀ ನಂಬುತ್ತಾರೆ. ನನ್ನದು ಬೇಗ ಮುಗಿದದ್ದೇ ಪುಣ್ಯ.

ಎಪ್ಪತ್ತರ ದಶಕದ ಮಾತು. ಮೈಸೂರಿನಿಂದ ಕೊಚ್ಚಿಗೆ ವರ್ಗವಾಗಿ ಕಳಮಶ್ಶೇರಿಯಲ್ಲಿದ್ದ ನಾನು, ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಇರುವ ಹೊಸ ರೆಕಾರ್ಡ್ ಪ್ಲೇಯರ್ ಕೊಂಡಿದ್ದೆ. ಸ್ವಿಚ್ ಒತ್ತಿದ ಕೂಡಲೇ ಹಾಡುತ್ತಿತ್ತು. ಅದರ ಜೊತೆ ಅಡುಗೆಮನೆಯಿಂದ ನನ್ನ ಹೆಂಡತಿ ವಿಮಲಾ ಗುನುಗುತ್ತಿದ್ದಳು. ಮದುವೆಗೆ ಮುಂಚೆ ಎಂಟು ವರ್ಷ ಸಂಗೀತ ಕಲಿತವಳು. ಎಲ್ಲ ಸುಖವಾಗಿತ್ತು, ಆದ್ದರಿಂದ ಸುಧಾರಿಸಬೇಕಾಗಿತ್ತು.

ಆಗ ನಮ್ಮ ತಿರುವನಂತಪುರದ ಕಚೇರಿಯಿಂದ ಭಟ್ಟರೆಂಬವರು ಟೂರಿಗೆ ಬಂದರು. ಮೂಲ ಕಾಸರಗೋಡು, ಬಿಡಾರ ತಿರುವನಂತಪುರದ ಉಳ್ಳೂರಿನಲ್ಲಿ. ನಮ್ಮ ರೆಕಾರ್ಡ್ ಕೇಳಿ ಮುಖ ಸಿಂಡರಿಸಿ, "ಶಬ್ದ ಉಂಟು, ಜೀವ ಇಲ್ಲ ಮಾರಾಯ್ರೆ. ಹಳೇ ರೇಡಿಯೋದ ಹಾಗೆ ನಡುವೆ ಎರಡು ಗಾಜಿನ ವಾಲ್ವ್ ಹಾಕಿಸಿ" ಎಂದರು. ಪ್ರಾಣವೂ ಅಗ್ನಿಯೂ ಕೂಡಿದರೆ ನಾದ ಎನ್ನುತ್ತದೆ ಸಂಗೀತಶಾಸ್ತ್ರ, ಟ್ರಾನ್ಸಿಸ್ಟರಿನಲ್ಲಿ ಅಗ್ನಿಯೆಲ್ಲಿದೆ ಎಂಬುದು ಅವರ ವಾದ. ಶಾಸ್ತ್ರವನ್ನೂ ಸಾಲ್ಡರಿಂಗನ್ನೂ ಒಂದೇ ಉಸಿರಿನಲ್ಲಿ ಹೇಳುವವರ ಎದುರು ನಾನು ಯಾವಾಗಲೂ ಸೋಲುತ್ತೇನೆ.

ಎಡಪ್ಪಳ್ಳಿಯ ರೇಡಿಯೋ ಮೆಕ್ಯಾನಿಕ್ ವರ್ಗೀಸನ ಕೈಯಲ್ಲಿ ವಾಲ್ವ್ ಪೆಟ್ಟಿಗೆ ಮಾಡಿಸಿದೆ. ನಾನು ಆಫೀಸಿನಲ್ಲಿದ್ದಾಗ ಅವನು ಬಂದು ಇಟ್ಟುಹೋಗಿದ್ದ. ಸಂಜೆ ಸ್ವಿಚ್ ಹಾಕಿದರೆ ವಾಲ್ವುಗಳು ಕೆಂಡದಂತೆ ಕೆಂಪಾದವು. ಅವು ಕಾಯದೆ ಹಾಡಿಸಬಾರದೆಂದು ಭಟ್ಟರ ಅಪ್ಪಣೆ. ಎರಡು ನಿಮಿಷ ಕೈಕಟ್ಟಿ ಕುಳಿತು, ಆಮೇಲೆ ರೆಕಾರ್ಡ್ ಹಾಕಿದೆ. ಆಹಾ! ಪಿಟೀಲಿಗೆ ತುಪ್ಪ ಸವರಿದಂತಿತ್ತು.

"ರೀ, ಆ ವರ್ಗೀಸ್ ಏನ್ ಹೇಳಿದ ಅಂದ್ರೆ..." ಎಂದಳು ವಿಮಲಾ.

ತುಟಿಗೆ ಬೆರಳಿಟ್ಟು, "ಮಾತಾಡ್ಬೇಡ, ಕೇಳು" ಎಂದೆ.

ಕೇಳಿದಳು. "ಮೊದಲಿನ ಹಾಗೇ ಇದೆಯಲ್ಲ" ಎಂದಳು.

"ನಿನಗೆ ಕಿವಿ ಇಲ್ಲ ಬಿಡು" ಎಂದುಬಿಟ್ಟೆ.

ಅಂದಿನಿಂದ ಅಡುಗೆಮನೆಯ ಗುನುಗು ನಿಂತಿತು. ಅಡ್ಡಿ ತಪ್ಪಿತೆಂದು ನಾನು ಸಂತೋಷಪಟ್ಟೆ. ಬರೆಯಲು ಈಗ ನಾಚಿಕೆಯಾಗುತ್ತದೆ. ಭಾನುವಾರ ಕನ್ನಡದ ಗೆಳೆಯರು ಬಂದು, ವಾಲ್ವ್ ಕಾಯುವವರೆಗೆ ಮಂಗಳಾರತಿಗೆ ನಿಂತವರಂತೆ ಮೌನವಾಗಿದ್ದು, ಹಾಡು ಕೇಳಿ ತಲೆದೂಗಿ, ಕಾಫಿ ಕುಡಿದು ಹೋಗುತ್ತಿದ್ದರು. ಮತ್ತೊಮ್ಮೆ ಟೂರಿಗೆ ಬಂದ ಭಟ್ಟರಂತೂ ಕಣ್ಣೊರೆಸಿಕೊಂಡು, "ಈಗ ಬಂತು ನೋಡಿ ಜೀವ!" ಎಂದರು.

ಮೂರು ವಾರದ ಮೇಲೆ ವರ್ಗೀಸ್ ಬಾಗಿಲಲ್ಲಿ ನಿಂತು, "ಸಾರೇ, ಪಾರ್ಟ್ ಕಿಟ್ಟಿ" ಎಂದು, ಬಿಡಿಭಾಗ ಸಿಕ್ಕಿದ ಸುದ್ದಿ ಹೇಳಿ, ಬೆರಳುದ್ದದ ಕಂಡೆನ್ಸರ್ ತೋರಿಸಿದ. ಮದ್ರಾಸಿನಿಂದ ಬರುವುದು ತಡವಾಯಿತಂತೆ. ಅದಿಲ್ಲದೆ ಪೆಟ್ಟಿಗೆಯನ್ನು ಆಂಪ್ಲಿಫೈಯರಿಗೆ ಜೋಡಿಸಿಯೇ ಇರಲಿಲ್ಲ. ವಾಲ್ವ್ ಉರಿಯಲಿ ಎಂದು ಕರೆಂಟ್ ಮಾತ್ರ ಕೊಟ್ಟುಹೋಗಿದ್ದ. ಅಗ್ನಿ ಇತ್ತು, ಪ್ರಾಣ ಮದ್ರಾಸಿನಿಂದ ಬರಬೇಕಿತ್ತು. ಭಟ್ಟರಿಗೆ ಇದನ್ನು ನಾನು ಇನ್ನೂ ಹೇಳಿಲ್ಲ.

"ನಿನಗೆ ಗೊತ್ತಿತ್ತಾ?" ಎಂದು ವಿಮಲಾಳನ್ನು ಕೇಳಿದೆ.

"ಅವತ್ತೇ ಹೇಳಕ್ಕೆ ಬಂದೆ. ಆಮೇಲೆ ಕಿವಿ ಇಲ್ಲದೋಳು ಹೇಳಿದ್ರೆ ನೀವು ಕೇಳ್ತಿದ್ರಾ?"

ವರ್ಗೀಸ್ ಈ ಸಲ ನಿಜವಾಗಿ ಜೋಡಿಸಿದ. ವಾಲ್ವ್ ಕಾದವು. ರೆಕಾರ್ಡ್ ಹಾಕಿ, "ಹೇಗಿದೆ, ನೀನೇ ಹೇಳು" ಎಂದೆ. ಅವಳು ಕಣ್ಣು ಮುಚ್ಚಿ ಕೇಳತೊಡಗಿದಳು. ನನಗೆ ತಡೆಯಲಾಗಲಿಲ್ಲ, "ತುಪ್ಪ..." ಎಂದು ಬಾಯಿ ತೆರೆದೆ. ಅವಳು ಕಣ್ಣು ಬಿಡದೆ ತುಟಿಗೆ ಬೆರಳಿಟ್ಟಳು. ಸ್ವಲ್ಪ ಹೊತ್ತಿಗೆ ಆ ಕೈ ತೊಡೆಗಿಳಿದು ತಾಳ ಹಾಕಿತು. ಸಣ್ಣಗೆ ಗುನುಗು ಶುರುವಾಯಿತು.

ವಾಲ್ವಿನಿಂದ ಧ್ವನಿ ಸುಧಾರಿಸಿತೇ ಎಂದರೆ ಇವತ್ತಿಗೂ ನಾನು ಹೇಳಲಾರೆ. ಅವಳ ಗುನುಗಿನಲ್ಲಿ ರೆಕಾರ್ಡ್ ಸರಿಯಾಗಿ ಕೇಳಿಸಲೇ ಇಲ್ಲ.